ತಟ್ಟೆಯಲ್ಲಿ ನಿಂತ ಒನಕೆ

ನನ್ನ ತಳ ಸಪಾಟಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಜನ್ಮದ ಕರ್ಮವೆಲ್ಲ ಅಲ್ಲೇ ಇದೆ. ನಾನೊಂದು ಒನಕೆ. ಕಗ್ಗಲಿ ಮರವನ್ನು ಕೆತ್ತಿ ನನ್ನನ್ನು ಮಾಡಿದವರು ಮದ್ದೂರು ಕಡೆಯ ಸಿದ್ದಾಚಾರಿ. ತಳಕ್ಕೆ ಕಬ್ಬಿಣದ ಬಳೆ ತೊಡಿಸಿ, ಉಜ್ಜಿ ಉಜ್ಜಿ ಸಮ ಮಾಡಿ, ನೆಲದ ಮೇಲೆ ನಿಲ್ಲಿಸಿ ಕೈಬಿಟ್ಟರು. ನಾನು ಅಲುಗಲಿಲ್ಲ. "ಆಯ್ತು, ತಕೊಂಡೋಗಿ" ಎಂದು ಈ ಮನೆಯ ಪುಟ್ಟನಂಜಮ್ಮನ ಅತ್ತೆಗೆ ಕೊಟ್ಟರು.

ಆ ಅತ್ತೆಯ ಕೈಯಲ್ಲಿ, ಆಮೇಲೆ ಪುಟ್ಟನಂಜಮ್ಮನ ಕೈಯಲ್ಲಿ ಭತ್ತ ಕುಟ್ಟಿದೆ. ಊರಿಗೆ ರೈಸ್ ಮಿಲ್ ಬಂತು, ನಾನು ಮೂಲೆಗುಂಪಾದೆ. ಆಮೇಲೆ ನನಗೆ ಮರ್ಯಾದೆ ಸಿಗುತ್ತಿದ್ದದ್ದು ಗ್ರಹಣದ ದಿನ ಮಾತ್ರ. ಹಿತ್ತಾಳೆ ತಟ್ಟೆಗೆ ನೀರು ಹಾಕಿ ನನ್ನನ್ನು ನಿಲ್ಲಿಸುತ್ತಿದ್ದರು. ನಾನು ನಿಂತರೆ ಗ್ರಹಣ ಹಿಡಿಯಿತಂತೆ, ಬಿಟ್ಟಾಗ ತಾನಾಗಿ ಬೀಳುತ್ತೇನಂತೆ. ನಿಜ ಹೇಳಬೇಕೆಂದರೆ ಪುಟ್ಟನಂಜಮ್ಮ ತಟ್ಟೆ ಎಳೆಯುತ್ತಿದ್ದರು, ನಾನು ಬೀಳುತ್ತಿದ್ದೆ. ಆದರೂ ಆಕಾಶವೇ ನನ್ನನ್ನು ಹಿಡಿದುಕೊಂಡಿದೆ ಎಂಬ ಜಂಬ ನನಗೂ ಇತ್ತು.

ಸೊಸೆ ವನಜಾಕ್ಷಿ ಆರು ತಿಂಗಳ ಬಸುರಿಯಾಗಿದ್ದಾಗ ಒಂದು ಸೂರ್ಯಗ್ರಹಣ ಬಂತು. ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ ಅವಳು. ನಾನು ತಟ್ಟೆಯಲ್ಲಿ ನಿಂತಿರುವಾಗಲೇ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚಿದಳು. ಮೂರು ತಿಂಗಳಿಗೆ ಮಗಳು ಕೋಮಲ ಹುಟ್ಟಿದಳು. ಮೇಲ್ತುಟಿ ಸೀಳಿತ್ತು.

"ನೀ ಬದನೆಕಾಯಿ ಸೀಳಿದಂಗೇ ಸೀಳ್ಕಂಡದೆ ನೋಡು" ಎಂದರು ಪುಟ್ಟನಂಜಮ್ಮ.

ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿದರು. ಮಗುವಿನ ತುಟಿ ಕೂಡಿಕೊಳ್ಳುವುದು ಎರಡನೆಯ ತಿಂಗಳಲ್ಲೇ, ಗ್ರಹಣ ಬಂದಾಗ ಆಗುವುದೆಲ್ಲ ಆಗಿಹೋಗಿತ್ತು ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ವನಜಾಕ್ಷಿ ಅಡುಗೆಮನೆಯ ಕಿಟಕಿ ಮುಚ್ಚಿ ಬಲ್ಬು ಹಾಕಿದಳು. ಅತ್ತೆಯ ಕೈಗೆ ನಿಂಬೆಹಣ್ಣು ಕೊಟ್ಟು ತೋಳು ಚಾಚಿಸಿದಳು. "ಬಲ್ಬೇ ಸೂರ್ಯ ಅತ್ತೆ. ನಿಮ್ಮ ತಲೆ ಭೂಮಿ. ನಿಂಬೆಹಣ್ಣು ಚಂದ್ರ."

ಅತ್ತೆಯನ್ನು ನಿಂತಲ್ಲೇ ಮೆಲ್ಲಗೆ ತಿರುಗಿಸಿದಳು. ನಿಂಬೆಹಣ್ಣಿನ ಅರ್ಧಕ್ಕೆ ಬೆಳಕು ಯಾವಾಗಲೂ ಇತ್ತು, ಆ ಅರ್ಧದಲ್ಲಿ ಅತ್ತೆಗೆ ಕಾಣುವಷ್ಟು ಮಾತ್ರ ಬದಲಾಗುತ್ತಿತ್ತು. ಹಣ್ಣು ಬಲ್ಬಿನ ಕಡೆಗಿದ್ದಾಗ ಕತ್ತಲ ಬದಿ ಅತ್ತೆಯ ಕಡೆಗೆ, ಅಮಾವಾಸ್ಯೆ. ಸ್ವಲ್ಪ ತಿರುಗಿದರೆ ಅಂಚಿನಲ್ಲಿ ಬೆಳಕಿನ ಗೆರೆ, ಬಿದಿಗೆ. ಬಲ್ಬಿಗೆ ಬೆನ್ನು ಮಾಡಿ ಕೈ ತಲೆಗಿಂತ ಮೇಲೆತ್ತಿದರೆ ಹುಣ್ಣಿಮೆ. ಕೈ ಕೊಂಚ ಇಳಿಸಿದರೆ ಅತ್ತೆಯ ತಲೆಯ ನೆರಳೇ ಹಣ್ಣನ್ನು ನುಂಗಿತು, ಚಂದ್ರಗ್ರಹಣ. ಮತ್ತೆ ಬಲ್ಬಿನತ್ತ ತಿರುಗಿಸಿ ಹಣ್ಣನ್ನು ಕಣ್ಣಿಗೆ ಅಡ್ಡ ಹಿಡಿಸಿದಳು, ಸೂರ್ಯಗ್ರಹಣ.

"ಮತ್ತೆ ತಿಂಗ್ಳು ತಿಂಗ್ಳೂ ಯಾಕ್ ಹಿಡಿಯಾಕಿಲ್ಲ?"

"ಚಂದ್ರನ ದಾರಿ ಒಂಚೂರು ಓರೆ ಅತ್ತೆ. ನೆರಳು ಮೇಲೋ ಕೆಳಗೋ ತಪ್ಪೋಗ್ತದೆ."

ಆಮೇಲೆ ನನ್ನನ್ನು ತಂದು ತಟ್ಟೆಯಲ್ಲಿಟ್ಟು ಕೈಬಿಟ್ಟಳು. ನಾನು ನಿಂತೆ. ನನ್ನ ಜಂಬ ಅವತ್ತೇ ಇಳಿಯಿತು.

"ಇವತ್ತು ಪಂಚಮಿ. ಗ್ರಹಣ ಇಲ್ದೇನೂ ನಿಂತದೆ ನೋಡಿ. ಕೋಮಲನ ತುಟಿ ನನ್ನ ತಪ್ಪಲ್ಲ ಅಂತ ಒಂದ್ಸಲ ಹೇಳಿ ಅತ್ತೆ."

ಪುಟ್ಟನಂಜಮ್ಮ ಬಗ್ಗಿ ನನ್ನ ತಳ ನೋಡಿದರು. "ಇವತ್ತೂ ಎಲ್ಲೋ ಹಿಡ್ದಿರ್ಬೇಕು ಕಣವ್ವ. ನಮ್ಮೂರಿಗೆ ಕಾಣಾಕಿಲ್ಲ ಅಷ್ಟೆ" ಎಂದು ಚಂದ್ರನನ್ನು ಚಿತ್ರಾನ್ನಕ್ಕೆ ಹಿಂಡಿದರು.

ಆ ಒಂದು ಮಾತು ಹೇಳದೆಯೇ ಅವರು ತೀರಿಕೊಂಡರು. ವನಜಾಕ್ಷಿ ಮತ್ತೆಂದೂ ಆ ಮನೆಯಲ್ಲಿ ಬದನೆಕಾಯಿ ಹೆಚ್ಚಲಿಲ್ಲ. ನಾನು ಅದನ್ನು ಆಗಲೇ ಗಮನಿಸಬೇಕಿತ್ತು.

ಈಗ ನನಗೆ ಗೆದ್ದಲು ಹಿಡಿದಿದೆ. ಕೋಮಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಇವತ್ತು ಸೂರ್ಯಗ್ರಹಣ. ಬೆಳಿಗ್ಗೆಯೇ ವನಜಾಕ್ಷಿ ಹಿತ್ತಾಳೆ ತಟ್ಟೆ ಬೆಳಗಿ, ನೀರು ಹಾಕಿ, ನನ್ನ ಧೂಳು ಒರೆಸಿದಳು. ಒರಳಲ್ಲಿ ತಲೆಯಿಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಬಾರದು ಎಂದು ನನ್ನ ಹೆಸರಲ್ಲಿ ಗಾದೆ ಕಟ್ಟಿದ ಜನ ಒಂದು ನೆರಳಿಗೆ ಅಂಜುತ್ತಾರೆ.

"ಬರೀ ನೆರಳು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ ಅವ್ವ?" ಎಂದಳು ಕೋಮಲ.

"ನೆರಳೇ ಕಣವ್ವ, ಗೊತ್ತು. ಆದ್ರೂ ನೀ ಒಳಗೋಗಿ ನೆಟ್ಟಗೆ ಮಲಕೊ."

ಕೋಮಲ ಮೇಲ್ತುಟಿಯ ಹೊಲಿಗೆಯ ಗುರುತನ್ನು ಮುಟ್ಟಿಕೊಂಡಳು. "ಅಂದ್ರೆ ಇದು ನಿನ್ನಿಂದ್ಲೇ ಆಯ್ತು ಅಂತ ನೀನೂ ನಂಬಿದ್ದೀಯಾ?"

ವನಜಾಕ್ಷಿ ನನ್ನನ್ನು ತಟ್ಟೆಯಲ್ಲಿ ನಿಲ್ಲಿಸಿ ಕೈಬಿಟ್ಟಳು. ಬಿದ್ದುಬಿಡಬೇಕು ಎಂದು ಜನ್ಮದಲ್ಲಿ ಮೊದಲ ಸಲ ಆಸೆಪಟ್ಟೆ. ಆಗಲಿಲ್ಲ. ಸಿದ್ದಾಚಾರಿ ತಳವನ್ನು ಅಷ್ಟು ಚೆನ್ನಾಗಿ ಉಜ್ಜಿದ್ದರು.