ಮುಚ್ಚಳ ತೆರೆಯದ ಟ್ಯೂಬು

ಚಿಗುಸಾಳಿಗೆ ಬೇಕಾಗಿದ್ದುದು ಇಷ್ಟೇ: ಗಂಡ ಮೊರಿಯೊ ಬಾಗಿಲಲ್ಲಿ ಶೂ ಬಿಚ್ಚುತ್ತ, ಮೊದಲಿನ ಹಾಗೆ ಒಂದು ಸಲ ಅವಳ ಹೆಸರು ಹಿಡಿದು ಕೂಗಬೇಕು. ಯಾತ್ಸುಒ ಊರಿನ ಬೀದಿ ಕುಣಿತಕ್ಕೆ ಇಪ್ಪತ್ತು ವರ್ಷ ಹಾಡಿದ ಗಂಟಲು ಅದು. ನರಗಳು ಸೋಲುವ ರೋಗ ಬಂದ ಮೇಲೆ ಅಲ್ಲಿ ಉಳಿದದ್ದು ಬರೀ ಗಾಳಿ. ಈಗ ಅವನ ಮಾತೆಲ್ಲ ಸ್ಲೇಟಿನ ಮೇಲೆ. ಹಾಳಾದ ರೋಗಕ್ಕೆ ಕಿತ್ತುಕೊಳ್ಳಲು ಆ ದನಿಯೇ ಬೇಕಿತ್ತೆ?

ತೊಯಾಮಾದಲ್ಲಿ ಅವಳು ಕೆಲಸ ಮಾಡುವ ಔಷಧ ಕಂಪನಿ ಅದೇ ರೋಗಕ್ಕೊಂದು ಮದ್ದು ಹುಡುಕುತ್ತಿತ್ತು. ಮದ್ದಿಗೆ ಹೆಸರಿರಲಿಲ್ಲ, ನಾನೂರ ಹದಿನೇಳು ಎಂಬ ನಂಬರು ಮಾತ್ರ. ಅದು ಲಿವರಿಗೆ ವಿಷವಾಗುತ್ತದೋ ಎಂದು ನೋಡುವ ಕೆಲಸ ಚಿಗುಸಾಳದು. ಲಿವರು ಮದ್ದನ್ನು ಒಡೆದಾಗ ಕೆಲವು ಚೂರುಗಳು ಪುಂಡರ ಹಾಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಗುತ್ತವೆ. ಅವನ್ನು ಹಿಡಿಯಲು ಗ್ಲುಟಾಥಯೋನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಚೂರು ಅದಕ್ಕೆ ಅಂಟಿದರೆ, ಅಣುಗಳ ತೂಕ ಅಳೆಯುವ ಯಂತ್ರದ ಪರದೆಯ ಮೇಲೆ ಗೆರೆಯೊಂದು ಏಳುತ್ತದೆ; ಗೆರೆ ಎತ್ತರವಾದಷ್ಟೂ ಅಪಾಯ ಹೆಚ್ಚು.

ಸೋಮವಾರ ಗೆರೆ ಏಳಲಿಲ್ಲ. ಹೋಲಿಕೆಗೆಂದು ಪರೀಕ್ಷೆಯ ತಟ್ಟೆಯ ಮೊದಲ ಸಾಲಿನಲ್ಲಿಟ್ಟಿದ್ದ, ವಿಷವೆಂದು ಮೊದಲೇ ಗೊತ್ತಿದ್ದ ಹಳೇ ಮದ್ದು ಸರಿಯಾಗಿಯೇ ಸಿಕ್ಕಿಬಿದ್ದಿತ್ತು. ಎರಡನೇ ಸಾಲಿನ ನಾನೂರ ಹದಿನೇಳರ ಗೆರೆ ಮಾತ್ರ ನೆಲಕ್ಕೆ ಮಲಗಿತ್ತು.

ವಿಭಾಗದ ಮುಖ್ಯಸ್ಥ ನೋಜಿರಿ ಕನ್ನಡಕ ಮೇಲೇರಿಸಿ ನೋಡಿದರು. "ಏನಮ್ಮಾ ಇದು! ಇಷ್ಟು ಸಾಧು ಮದ್ದು ನಮ್ಮ ಲ್ಯಾಬಲ್ಲಿ ಯಾವತ್ತು ಹುಟ್ಟಿತ್ತು? ಬುಧವಾರ ವರದಿ ಕೊಟ್ಬಿಡಿ."

ಹೊರಗೆ ಹೇಳಬಾರದ ಸುದ್ದಿ. ಆದರೆ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಸಂಜೆ ಮನೆಯಲ್ಲಿ ಹೇಳಿಯೇಬಿಟ್ಟಳು. ಮೊರಿಯೊ ಸ್ಲೇಟಿನ ಮೇಲೆ ಬರೆದ: "ಹಾಗಾದ್ರೆ ನಾನು ಮತ್ತೆ ಹಾಡ್ತೀನಾ?"

ಮಾತ್ರೆಯಾಗಿ ಬರಲು ಎಷ್ಟು ವರ್ಷ ಬೇಕೆಂದು ಅವಳಿಗೆ ಗೊತ್ತಿತ್ತು. ಆದರೂ "ಹಾಡ್ತೀರಿ ಕಣ್ರೀ" ಎಂದಳು.

ಮಂಗಳವಾರ ಬೆಳಿಗ್ಗೆ ಲ್ಯಾಬಿನಲ್ಲಿ ಐಸ್ ಪೆಟ್ಟಿಗೆ ತೊಳೆಯಲು ಹೋದಳು. ಹಿಂದಿನ ದಿನ ಅದರಲ್ಲಿ ಸಾಲಿಗೊಂದರಂತೆ ಎರಡು ಗ್ಲುಟಾಥಯೋನ್ ಟ್ಯೂಬು ತಂದಿದ್ದಳು. ಒಂದು ಖಾಲಿ. ಇನ್ನೊಂದರ ಮುಚ್ಚಳವನ್ನೇ ತೆರೆದಿರಲಿಲ್ಲ. ಮೊದಲ ಸಾಲು ಮುಗಿಸಿ, ಗಂಡನ ಹಾಡು ಗುನುಗುತ್ತ, ಅದನ್ನು ಬೆರೆಸದೆಯೇ ಮುಂದೆ ಹೋಗಿದ್ದಳು. ಹಿಡಿಯುವವರೇ ಇಲ್ಲದ ಮೇಲೆ ಸಿಕ್ಕಿಬೀಳುವುದಾದರೂ ಹೇಗೆ?

ಯಾರೂ ನೋಡಿರಲಿಲ್ಲ. ಸಿಂಕಿಗೆ ಸುರಿದರೆ ಮುಗಿಯಿತು. "ನಂಗೆ ಅವ್ರ ದನಿ ಬೇಕು" ಎಂದು ಆ ಟ್ಯೂಬಿಗೇ ಹೇಳಿದಳು. ಬೇಕು, ಬೇಕೇ ಬೇಕು. ಆದರೆ ಆ ಮದ್ದನ್ನು ನುಂಗುವವರ ಸಾಲಿನಲ್ಲಿ ಮೊದಲು ನಿಲ್ಲುವವನೂ ಅವನೇ ಅಲ್ಲವೆ?

ಮತ್ತೆ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮಧ್ಯಾಹ್ನ ಗೆರೆ ಎದ್ದಿತು, ಪರದೆಯ ತುದಿ ಮುಟ್ಟುವಷ್ಟು. ಅಷ್ಟೆತ್ತರದ ಗೆರೆಯ ಮದ್ದನ್ನು ಮುಂದಕ್ಕೆ ಒಯ್ಯುವವರು ಅಲ್ಲಿ ಯಾರೂ ಇರಲಿಲ್ಲ.

"ಸದ್ಯ, ಬಚಾವಾದ್ವಿ" ಎಂದರು ನೋಜಿರಿ. ಅವಳ ಮನೆಯಲ್ಲಿ ಯಾರಿದ್ದಾರೆಂಬುದು ಆಮೇಲೆ ನೆನಪಾಯಿತು. ದನಿ ಇಳಿಸಿ, "ಇವತ್ತು ಬೇಗ ಮನೆಗೆ ಹೋಗಮ್ಮ" ಎಂದರು.

ಮನೆಯಲ್ಲಿ ಅವಳು ಹೇಳಿದ್ದೆಲ್ಲವನ್ನೂ ಮೊರಿಯೊ ಕೇಳಿಸಿಕೊಂಡ. ತೋಳಿನಿಂದ ಸ್ಲೇಟು ಒರೆಸಿದ. ಆಮೇಲೆ ಬರೆದ: "ಮಿಸೋ ಹಾಕ್ದೆ ಮಿಸೋ ಸಾರು ಮಾಡಿದವಳಲ್ವಾ ನೀನು. ಮರೆಯೋದು ಹೊಸದೇನಲ್ಲ."

"ಅದು ಮದ್ವೆಯಾದ ಹೊಸದ್ರಲ್ಲಿ, ಒಂದೇ ಒಂದ್ಸಲ! ಇನ್ನೂ ಎಷ್ಟು ವರ್ಷ ಎತ್ತಿ ಆಡ್ತೀರಿ?" ಎನ್ನುತ್ತಲೇ ಅಳು ಒತ್ತರಿಸಿ ಬಂದು, ಅಡುಗೆಮನೆಗೆ ಎದ್ದುಹೋಗಿ ಪಾತ್ರೆ ತೊಳೆಯತೊಡಗಿದಳು.

ಸ್ಲೇಟು ಕೆಳಗಿಟ್ಟ ಸದ್ದಾಯಿತು. ಹಿಂದೆಯೇ ಹರಿದ ಗಾಳಿಯಂಥದ್ದೊಂದು ದನಿ, ತುಂಬ ಕಷ್ಟಪಟ್ಟು: "ಚಿ..."

ಮುಂದಿನ ಅಕ್ಷರ ಬರಲಿಲ್ಲ. ಅವಳು ಕಾಯಲೂ ಇಲ್ಲ. "ಬಂದೇರೀ" ಎಂದು, ಇಪ್ಪತ್ತು ವರ್ಷ ಓಗೊಟ್ಟ ಹಾಗೆಯೇ, ಒದ್ದೆ ಕೈಯಲ್ಲೇ ಓಡಿದಳು.