ಟಸ್ಕನ್ ಬ್ಲೂ

ಗೇಟಿನ ಮುಂದೆ ಜೀಪು ನಿಲ್ಲಿಸಿದ ಮಿಲನ್ ಹಾರ್ನ್ ಹೊಡೆಯಲಿಲ್ಲ. ಹೊಡೆದರೆ ಹೆಂಡತಿಯನ್ನು ನೋಡಲೆಂದೇ ಬಂದಂತಾಗುತ್ತದೆ. ಹೊಡೆಯದಿದ್ದರೆ, ಕುಶಾಲನಗರದ ರೆಸಾರ್ಟಿಗೆ ಸೊಪ್ಪು ಕೊಟ್ಟು ಮರಳುವವನು ಸುಮ್ಮನೆ ಈ ಕಡೆ ತಿರುಗಿದಂತೆ. ಸುಮ್ಮನೆ ತಿರುಗಲು ಅವಳ ಊರು ಶಿರಂಗಾಲವೇನೂ ಅವನ ಚೆಟ್ಟಳ್ಳಿಯ ದಾರಿಯಲ್ಲಿಲ್ಲ.

ರಂಜಿತಾ ತವರಿಗೆ ಬಂದು ಇದು ಮೂರನೆಯ ವರ್ಷ. ಜಗಳವೇನೂ ಆಗಿರಲಿಲ್ಲ. "ನಿಮ್ಮ ಜೊತೆ ಮಾತಾಡಿದ್ರೆ ಪಾಠ ಕೇಳಿದ ಹಾಗೆ ಆಗ್ತದೆ" ಅಂದಿದ್ದಳು, ಅಷ್ಟೆ. ಬಾಟನಿ ಲೆಕ್ಚರರ್ ಆಗಿದ್ದವನು ಬಹಳ ದಿನ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ.

ಕೆಲಸ ಬಿಟ್ಟು, ವಿದೇಶಿ ಅಡುಗೆಯ ಪರಿಮಳದ ಸೊಪ್ಪು ರೋಸ್‌ಮೇರಿಗೆ ಕೈಹಾಕಿದ ಮೇಲೆ ಕೊಡಗಿನಲ್ಲಿ ಅವನಷ್ಟು ಜಾತಿಗಳನ್ನು ಸಾಕಿದವರಿಲ್ಲ ಎಂದು ಅವನ ನಂಬಿಕೆ. ಅಗಲ ಎಲೆಯ ಟಸ್ಕನ್ ಬ್ಲೂ, ಆಲೂಗಡ್ಡೆಗೂ ಕುರಿಮಾಂಸಕ್ಕೂ. ನಿಂಬೆಯ ಛಾಯೆಯ ಆರ್ಪ್, ಮೀನಿಗೆ. ಗೋಡೆಯಿಂದ ಇಳಿಬೀಳುವ ತೆವಳು ಜಾತಿ, ಕಣ್ಣಿಗೆ ಮಾತ್ರ. ಕಣ್ಣು ಮುಚ್ಚಿ ಎಲೆ ಹಿಸುಕಿ ಹೆಸರು ಹೇಳಬಲ್ಲ. ಇವತ್ತು ಬೆಳಿಗ್ಗೆ ರೆಸಾರ್ಟಿನ ಶೆಫ್ ಪರೀಕ್ಷೆ ಮಾಡಿಯೇ ನೋಡಿದ್ದ. ಒಂದೂ ತಪ್ಪಲಿಲ್ಲ. ಅಡುಗೆಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದರು.

ಆ ಚಪ್ಪಾಳೆಯ ಸುದ್ದಿಯನ್ನು ಯಾರಿಗಾದರೂ ಹೇಳಬೇಕಿತ್ತು. ಚೆಟ್ಟಳ್ಳಿಯ ಮನೆಯಲ್ಲಿ ಯಾರೂ ಇರಲಿಲ್ಲ.

ಆಗ ಬೇಲಿ ಕಂಡಿತು. ಗೇಟಿನಿಂದ ಜೋಳದ ಹೊಲದವರೆಗೆ, ಸೊಂಟದೆತ್ತರ, ಮೈತುಂಬ ನೀಲಿ ಹೂ. ಇಳಿದು ಒಂದು ಎಲೆ ಹಿಸುಕಿದ. ಟಸ್ಕನ್ ಬ್ಲೂ. ಅವನದೇ. ಮಳೆ ತಾಗದಂತೆ ಪ್ಲಾಸ್ಟಿಕ್ ಚಪ್ಪರ ಕಟ್ಟಿ, ಬೇರು ಕೊಳೆಯದಂತೆ ಮರಳು ಬೆರೆಸಿ, ಮಗುವಿನಂತೆ ಸಾಕಿದ ಅವನ ಗಿಡಗಳು ಈವರೆಗೆ ಒಂದು ಹೂವನ್ನೂ ಬಿಟ್ಟಿರಲಿಲ್ಲ.

"ಅಯ್ಯೋ, ಅಳಿಯಂದ್ರು!" ರಂಜಿತಾಳ ತಾಯಿ ರಾಮಮ್ಮ ಜಗಲಿಗೆ ಬಂದರು. "ಬಿಸ್ಲಲ್ಲಿ ಯಾಕ್ ನಿಂತ್ಕಂಡಿದ್ದೀರಿ? ಒಳಿಕ್ ಬನ್ನಿ."

"ಇದನ್ನ ಯಾರು ನೆಟ್ಟದ್ದು?"

"ಅವ್ಳೇ. ಅಲ್ಲಿಂದ ಬರುವಾಗ ಒಂದ್ ಹಿಡಿ ಕಡ್ಡಿ ತಂದಿದ್ಲು. ದನ ಬಾಯಾಕಲ್ಲ ನೋಡಿ, ಬೇಲಿಗ್ ಒಳ್ಳೇದು."

ರಂಜಿತಾ ಹೊರಬಂದಳು. ಆಗಷ್ಟೇ ತಲೆಗೆ ಮಿಂದಿದ್ದಳು. ಮೊದಲಿಗಿಂತ ಮೈ ತುಂಬಿಕೊಂಡಿದ್ದಳು. ಅದೇಕೋ ಅವನಿಗೆ ಅವಮಾನವಾದಂತಾಯಿತು.

"ಚೆನ್ನಾಗಿದ್ದೀರಾ?"

"ಈ ಕಡೆ ಕೆಲಸ ಇತ್ತು."

"ಭಾನುವಾರ?"

"ಎಂತ ಗೊಬ್ಬರ ಹಾಕಿದ್ದಿ ಇದಕ್ಕೆ?"

"ಎಂತದೂ ಇಲ್ಲ."

"ನೀರು?"

"ನಾನು ನೋಡ್ಲಿಕ್ಕೇ ಹೋಗಿಲ್ಲ. ಬಿಟ್ಟುಬಿಟ್ಟೆ. ಅದರಷ್ಟಕ್ಕೇ ಬೆಳೀತು."

ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅದನ್ನು ಎದುರಿಸುವುದು ಅವನಿಗೆ ಗೊತ್ತಿತ್ತು.

ಅವಳು ಅವನ ಮುಖವನ್ನೇ ನೋಡಿದಳು. "ಏನೋ ಹೇಳ್ಲಿಕ್ಕೆ ಬಂದ ಹಾಗೆ ಉಂಟು. ಕೂತ್ಕೊಳ್ಳಿ. ಊಟ ಮಾಡ್ತಾ ಹೇಳಿ."

ಚಪ್ಪಾಳೆಯ ಸುದ್ದಿ ನಾಲಗೆಯ ತುದಿಗೆ ಬಂತು. ಈ ಬೇಲಿಯೆದುರು ಅದು ಎಷ್ಟು ಸಣ್ಣದಾಗಿ ಕೇಳಿಸೀತು ಎನ್ನುವುದೂ ಜೊತೆಗೇ ಹೊಳೆಯಿತು.

"ಹೇಳ್ಲಿಕ್ಕೆ ಎಂತದೂ ಇಲ್ಲ. ನೀನು ಇದನ್ನ ಪ್ರೂನ್ ಮಾಡಿಲ್ಲ. ಹೀಗೆ ಬಿಟ್ರೆ ಕೆಡ್ತದೆ."

ಜೀಪಿನಿಂದ ಕತ್ತರಿ ತಂದ. ಮೊದಲು ತುದಿಯನ್ನಷ್ಟೇ ಕತ್ತರಿಸಿದ, ಒಂದು ಗೇಣು, ಹಸಿರಿರುವಲ್ಲಿ. ಕತ್ತರಿಸುತ್ತ ವಿವರಿಸಿದ. ನೀಲಿ ಹೂಗಳು ಅವನ ಚಪ್ಪಲಿಯ ಮೇಲೆ ಬಿದ್ದವು. ಅವಳು ಗೇಟಿಗೆ ಒರಗಿ ಕೇಳಿಸಿಕೊಂಡಳು.

"ಸಾಕು. ಚೆಂದ ಆಯ್ತು," ಅಂದಳು, ಅತಿಥಿಗೆ ಹೇಳುವ ಹಾಗೆ.

ಅವನಿಗೆ ಬೇಕಾದ ಮಾತು ಅದಾಗಿರಲಿಲ್ಲ. ಕತ್ತರಿ ಗಿಡದ ಬುಡದತ್ತ ಇಳಿಯಿತು. ಎಲೆ ಮುಗಿದು ಬರಿಯ ಕಂದು ಕಡ್ಡಿ ಸಿಕ್ಕಿತು. ಎಲೆಯಿಲ್ಲದ ಕಡ್ಡಿಗೆ ಕತ್ತರಿ ತಾಗಿದರೆ ರೋಸ್‌ಮೇರಿ ಮತ್ತೆ ಚಿಗುರುವುದಿಲ್ಲ. ಗಿಡ ಕೊಂಡವರಿಗೆಲ್ಲ ಅವನು ಹೇಳುವ ಮೊದಲ ಮಾತೇ ಅದು. ಕೈ ಒಂದು ಗಳಿಗೆ ನಿಂತಿತು. ಅವಳು ನೋಡುತ್ತಿದ್ದಳು. ಕೈ ಮುಂದುವರಿಯಿತು.

"ಅಷ್ಟು ಕೆಳಗೆ ಕಡೀಬೋದಾ?"

"ನಂಗೆ ಗೊತ್ತುಟ್ಟು." ಮನೆಯ ಅರೆಭಾಷೆ ಬಾಯಿಗೆ ಬಂದುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅವಳು ಆ ಭಾಷೆಯನ್ನು ಕಲಿತು ಮಾತಾಡುತ್ತಿದ್ದಳು. ತಪ್ಪಿದಲ್ಲೆಲ್ಲ ಇವನು ತಿದ್ದುತ್ತಿದ್ದ.

ಅವನು ಬೇಲಿಯ ಕೊನೆಯವರೆಗೂ ಹೋದ. ಬೆವರು ಸುರಿಯಿತು. ಮೊಣಕೈವರೆಗೆ ಗಾಢವಾದ ಪರಿಮಳ ಹತ್ತಿತು. ತಿರುಗಿ ನೋಡಿದರೆ, ಹಗ್ಗ ಹಿಡಿದು ಅಳೆದಂತೆ ಒಂದೇ ಮಟ್ಟ. ಇಷ್ಟು ನೇರವಾಗಿ ಅವನು ತನ್ನ ತೋಟದಲ್ಲೂ ಕತ್ತರಿಸಿರಲಿಲ್ಲ.

"ಈಗ ನೋಡು," ಎಂದ.

ರಂಜಿತಾ ಹತ್ತಿರ ಬಂದು ಒಂದು ಮೋಟು ಕಡ್ಡಿಯ ತುದಿಗೆ ಬೆರಳಿಟ್ಟಳು.

"ಮತ್ತೆ ಚಿಗುರ್ತದಾ?"

"ಚಿಗುರ್ತದೆ."

ದನಿ ನಡುಗಲಿಲ್ಲ. ಅದರ ಬಗ್ಗೆಯೂ ಅವನಿಗೆ ಹೆಮ್ಮೆಯೆನಿಸಿತು.

ಜೋಳದ ಹೊಲದ ಕಡೆಯಿಂದ ಜೇನುಹುಳುಗಳು ಬಂದವು. ನೆಲದಲ್ಲಿ ಬಿದ್ದ ಹೂಗಳ ಮೇಲೆ ಅವು ಇಳಿಯಲಿಲ್ಲ. ಸೊಂಟದೆತ್ತರದ ಬರಿಯ ಗಾಳಿಯಲ್ಲಿ, ಅಲ್ಲೊಂದು ಕಡೆ ಇಲ್ಲೊಂದು ಕಡೆ ತಡೆದು ನಿಂತು, ಏನೂ ಸಿಗದೆ, ಮತ್ತೆ ಅಲ್ಲಲ್ಲೇ ನಿಲ್ಲುತ್ತ, ಬೇಲಿಯ ಉದ್ದಕ್ಕೂ ಹುಡುಕುತ್ತಿದ್ದವು.