ಮೂಲೆಯಲ್ಲಿ ಮೊಟ್ಟೆಗಳು

ವಿಟ್ಸೆ ತೆಗೆದ ರಾತ್ರಿ ಆಕಾಶದ ಚಿತ್ರದ ನಡುವೆ ನಕ್ಷತ್ರಗಳೆಲ್ಲ ಸಾಸಿವೆಕಾಳಿನಂತೆ ದುಂಡಗಿದ್ದವು. ನಾಲ್ಕು ಮೂಲೆಗಳಲ್ಲಿ ಮಾತ್ರ ಅವು ಉದ್ದಕ್ಕೆ ಎಳೆದ ಮೊಟ್ಟೆಗಳು.

"ಕೋಳಿ ಬರೋಕೆ ಮುಂಚೇನೇ ಮೊಟ್ಟೆ ಬಂತಲ್ಲೋ!" ಎಂದು ಹೆಂಡತಿ ಯೆಲ್ಟೆ ಕಾಫಿ ಬಗ್ಗಿಸುತ್ತಾ ನಕ್ಕಳು.

ನಗದೆ ಏನು ಮಾಡಿಯಾಳು? ಅವನ ದೂರದರ್ಶಕವಿದ್ದ ಹಿತ್ತಲಿನ ಶೆಡ್ಡೇ ಅವಳಿಗೆ ಕೋಳಿ ಸಾಕಲು ಬೇಕಿತ್ತು. ಭಾನುವಾರ ಫ್ರಿಸ್‌ಲಾಂಡಿನ ಆಕಾಶಪ್ರಿಯರ ಸಂಘದ ಚಿತ್ರಪ್ರದರ್ಶನ. ಅಷ್ಟರೊಳಗೆ ಮೂಲೆಗಳು ಸರಿಹೋಗದಿದ್ದರೆ ಶೆಡ್ಡು ನಿನ್ನದೇ ಎಂದು ಅವನೇ ಜಂಬದಲ್ಲಿ ಮಾತು ಕೊಟ್ಟುಬಿಟ್ಟಿದ್ದ. ಹನ್ನೊಂದು ವರ್ಷ ಅವನು ಸುಖವಾಗಿದ್ದ ಜಾಗ ಅದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಿಟ್ಸೆಯೂ ಮೊದಲು ನೆಲವನ್ನೇ ಬೈದ. ಮುಕ್ಕಾಲಿಯನ್ನು ಕಿತ್ತು ಸಿಮೆಂಟಿನ ಕಂಬ ನೆಟ್ಟ. ದೂರದರ್ಶಕವನ್ನು ತಿರುಗಿಸುವ ಯಂತ್ರವನ್ನು ಬದಲಿಸಿದ. ಮೊಟ್ಟೆಗಳು ಕದಲಲಿಲ್ಲ.

"ಮೂಲೆ ತಿದ್ದುವ ಮಸೂರದಿಂದ ಕ್ಯಾಮೆರಾಗೆ ಐವತ್ತೈದು ಮಿಲಿಮೀಟರ್ ಇರ್ಬೇಕು ಕಣೇ. ಹತ್ತು ಸಲ ಅಳೆದಿದ್ದೀನಿ, ಕೂದಲೆಳೆಯಷ್ಟೂ ತಪ್ಪಿಲ್ಲ."

ಯೆಲ್ಟೆ ಮೂವತ್ತು ವರ್ಷ ಊರಿನವರ ಕೋಟು ಹೊಲಿದವಳು. ಅಳತೆ ಎಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು.

"ನಡುವೆ ಏನಾದ್ರೂ ಇದೆಯೇನೋ?"

"ಏನೂ ಇಲ್ಲ. ಒಂದು ಗಾಜಿನ ಬಿಲ್ಲೆ ಅಷ್ಟೆ. ಪಕ್ಕದವರು ಟೊಮ್ಯಾಟೊ ಬೆಳೆಯೋ ಗಾಜಿನಮನೆಯ ದೀಪದ ಬೆಳಕು ತಡೆಯೋಕೆ ಬೇಸಿಗೆಯಲ್ಲಿ ಹಾಕಿದ್ನಲ್ಲ, ಆ ಫಿಲ್ಟರು."

"ಮೊಟ್ಟೆ ಶುರುವಾಗಿದ್ದು ಯಾವಾಗ?"

"ಬೇಸಿ…" ವಿಟ್ಸೆಯ ಬಾಯಿ ತೆರೆದೇ ಉಳಿಯಿತು.

"ಅಲ್ಲಯ್ಯಾ, ಕೋಟಿಗೆ ಲೈನಿಂಗ್ ಕೊಟ್ರೆ ಮೇಲ್ಬಟ್ಟೆ ಒಂಚೂರು ಸಡಿಲ ಬಿಡ್ಬೇಕು. ಇಲ್ದಿದ್ರೆ ಮೂಲೆ ಎಳೆಯುತ್ತೆ. ನಿನ್ನ ಲೈನಿಂಗಿಗೆ ಎಷ್ಟು ಬಿಟ್ಟೆ?"

ಏನೂ ಬಿಟ್ಟಿರಲಿಲ್ಲ. ಗಾಜಿನ ದಪ್ಪ ಮೂರು ಮಿಲಿಮೀಟರ್. ನಡುವೆ ಗಾಜು ಬಂದರೆ ಅದರ ದಪ್ಪದ ಮೂರನೇ ಒಂದು ಪಾಲು ದೂರ ಹೆಚ್ಚಿಸಬೇಕೆಂದು ಸಂಘದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ಇವನೇ! ವಿಟ್ಸೆ ಹಣೆ ಚಚ್ಚಿಕೊಂಡು ಶೆಡ್ಡಿಗೆ ಓಡಿದ. ಡಬ್ಬಿ ತಡಕಿ, ಒಂದು ಮಿಲಿಮೀಟರಿನ ತೆಳ್ಳನೆಯ ಉಂಗುರ ಹುಡುಕಿ ನಡುವೆ ಸೇರಿಸಿದ. ಶುಕ್ರವಾರ ಆಕಾಶ ತಿಳಿಯಾಯಿತು. ಹೊಸ ಚಿತ್ರದ ನಾಲ್ಕು ಮೂಲೆಗಳಲ್ಲೂ ಸಾಸಿವೆಕಾಳು.

ಯೆಲ್ಟೆ ಚಿತ್ರವನ್ನು ನೋಡಿ, "ನನ್ನ ಶೆಡ್ಡನ್ನ ನಾನೇ ಕಳ್ಕೊಂಡೆ," ಎಂದಳು. ನಗುತ್ತಲೇ ಅಂದಳು, ಆದರೂ ವಿಟ್ಸೆಗೆ ಚುರುಕ್ ಎಂದಿತು.

ಯಾವ ಸಲಕರಣೆಯಿಂದ ತೆಗೆದದ್ದೆಂದು ಪ್ರತಿ ಚಿತ್ರದ ಕೆಳಗೂ ಪಟ್ಟಿ ಬರೆಯುವುದು ಸಂಘದವರ ವಾಡಿಕೆ. ಭಾನುವಾರ ಜನ ಬಗ್ಗಿ ಬಗ್ಗಿ ಓದುತ್ತಿದ್ದರು. ದೂರದರ್ಶಕ, ಕ್ಯಾಮೆರಾ, ಫಿಲ್ಟರು. ಎಲ್ಲಕ್ಕೂ ಕೆಳಗೆ: 'ಕೊನೆಯ ಒಂದು ಮಿಲಿಮೀಟರ್: ಯೆಲ್ಟೆ'.

ಅವಳ ಕಣ್ಣು ತುಂಬಿ ಬಂತು. ತೋರಗೊಡದೆ, "ಹೆಸರಿನ ಮುಂದೆ ದರ್ಜಿ ಅಂತ ಹಾಕೋಕೆ ಏನು ದಾಡಿ ನಿಂಗೆ?" ಎಂದಳು.

"ಹಾಕ್ತೀನಿ ಬಿಡೇ. ನಾಳೆ ಶೆಡ್ಡಿನ ಪಕ್ಕದಲ್ಲೇ ಕೋಳಿಗೂಡು ಕಟ್ತೀನಿ," ಎಂದ ವಿಟ್ಸೆ. "ಅಳತೆ ಮಾತ್ರ ನೀನೇ ತಗೋ."